ಕಲ್ಯಾಣದುರ್ಗದಲ್ಲಿ ಸೂಜಿ ಹಿಡಿಯಬಾರದೆಂದ ಕಾಗದ

ಮೊಮ್ಮಕ್ಕಳೇ, ನಿಮ್ಮ ಅಮ್ಮ ಮೊದಲು ಹಿಂದೂಪುರದ ಒಂದು ಅಂಗಡಿಯಲ್ಲಿ ಮದುವೆ ರವಿಕೆಗಳಿಗೆ ಮಗ್ಗಂ ವರ್ಕ್ ಮಾಡುತ್ತಿದ್ದಳು. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಜರಿ, ಮಣಿ ಕೂರಿಸುವ ಕೆಲಸ ಅದು. ಸೇರುವಾಗ ಯಜಮಾನಿ ಒಂದು ಅಗ್ರಿಮೆಂಟು ಕೊಟ್ಟಿದ್ದರು. ಅಲ್ಲಿ ಕೆಲಸ ಬಿಟ್ಟರೆ ಎರಡು ವರ್ಷ ಬೇರೆಲ್ಲೂ ಈ ಕೆಲಸ ಮಾಡಬಾರದು ಎಂದು ಅದರಲ್ಲಿತ್ತು. ಹೊಸ ಕಾಗದವೆಂದರೆ ನಮ್ಮ ಮನೆಯಲ್ಲಿ ಮೊದಲು ದೇವರ ಮುಂದಿಡುವುದು ರೂಢಿ. ನಾನು ಮೂಲೆಗಳಿಗೆ ಅರಿಶಿನ ಹಚ್ಚಿ, ಹೂವಿಟ್ಟು ಕೈಮುಗಿದ ಮೇಲೆಯೇ ಅವಳು ಸಹಿ ಹಾಕಿದ್ದು.

ಆಮೇಲೆ ನಿಮ್ಮ ಅಪ್ಪನಿಗೆ ಕಲ್ಯಾಣದುರ್ಗದಲ್ಲಿ ಕೆಲಸವಾಗಿ ನಾವೆಲ್ಲ ಅಲ್ಲಿಗೆ ಬಂದೆವು. ಪಕ್ಕದ ಬೀದಿಯ ಟೈಲರಮ್ಮ ನಿಮ್ಮ ಅಮ್ಮನ ರವಿಕೆ ನೋಡಿದ್ದೇ, "ನಾಳೆಯಿಂದ್ಲೇ ಬಾರಮ್ಮ" ಎಂದರು. ಸುದ್ದಿ ಹಿಂದೂಪುರ ಮುಟ್ಟಿತು. ಯಜಮಾನಿ ಫೋನು ಮಾಡಿ, "ಅಲ್ಲಿ ಸೂಜಿ ಮುಟ್ಟಿ ನೋಡು, ಕೋರ್ಟಿಗೆ ಎಳೀತೀನಿ" ಎಂದರು.

ನಿಮ್ಮ ಅಮ್ಮ ಹೆದರಿ ಮನೆಯಲ್ಲೇ ಕುಳಿತಳು. ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಚಪಾತಿ ಲಟ್ಟಿಸುವಾಗ ಉಗುರಿನಲ್ಲಿ ಅದರ ಮೇಲೆ ಬಳ್ಳಿ ಬರೆಯುತ್ತಿದ್ದಳು. ನೀವು ಕುಣಿದು ತಿನ್ನುತ್ತಿದ್ದಿರಿ. ಅವಳ ಮುಖ ನೋಡಲಾರದೆ ಒಂದು ದಿನ ನಾನೇ, "ನಡಿಯಮ್ಮ, ಲಾಯರನ್ನ ಕೇಳ್ಕೊಂಡ್ ಬರಾನ" ಎಂದೆ. ನೆಂಟರು ಬಂದರೆ ಒಳಮನೆ ಸೇರುವವಳು ನಾನು!

ಲಾಯರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಾಗದ ಓದಿ ನಕ್ಕು, ತೆಲುಗು ಬೆರೆಸಿ ಹೇಳಿದಳು.

"ಏಂ ಕಾದಮ್ಮಾ, ಏನೂ ಆಗಲ್ಲ. ಕೆಲಸದಲ್ಲಿ ಇರೋವರೆಗೆ ಇಂಥ ಕಟ್ಟು ನಡೀತದೆ. ಬಿಟ್ಮೇಲೂ ಬೇರೆ ಕಡೆ ದುಡೀಬೇಡ ಅಂದ್ರೆ ನಮ್ಮ ದೇಶದ ಕಾನೂನು ಒಪ್ಪಲ್ಲ. ಕೋರ್ಟುಗಳು ಈಗ್ಲೂ ಅದನ್ನೇ ಹೇಳ್ತಾವೆ. ನೋಟೀಸು ಬಂದ್ರೆ ನಂಗೆ ತಂದ್ಕೊಡು."

ನಾನು ಮಗಳ ಕಿವಿಯಲ್ಲಿ ಪಿಸುಗುಟ್ಟಿದೆ.

"ಏನಂತಾರೆ ಅಜ್ಜಿ?" ಎಂದಳು ಲಾಯರು.

"ಅರಿಶಿನ ಹಚ್ಚಿರೋ ಕಾಗ್ದ, ದೇವ್ರ ಮುಂದೆ ಕೊಟ್ಟ ಮಾತು, ತಪ್ಪಿದ್ರೆ ಹೆಂಗೆ ಅಂತಾವ್ಳೆ ಮೇಡಂ" ಎಂದಳು ನಿಮ್ಮ ಅಮ್ಮ.

"ಅರಿಶಿನ ಹಚ್ಚಿದ್ರೂ ಅಷ್ಟೇ, ಬೆಲ್ಲ ಹಚ್ಚಿದ್ರೂ ಅಷ್ಟೇ ಕಣಜ್ಜಿ! ನಿಮ್ ದೇವ್ರು ಯಾವತ್ತಾದ್ರೂ ದುಡೀಬೇಡ ಅಂದವ್ನಾ?"

ಸೆರಗು ಬಾಯಿಗಿಟ್ಟುಕೊಂಡರೂ ನನಗೆ ನಗು ತಡೆಯಲಿಲ್ಲ.

"ಅವ್ರ ಡಿಸೈನ್ ಪುಸ್ತಕ, ಗಿರಾಕಿಗಳ ನಂಬರು ಮಾತ್ರ ತರಬೇಡ" ಎಂದು ಲಾಯರು ಎಚ್ಚರಿಸಿದಳು.

"ನವಿಲು ಹಾಕ್ಬೋದಾ ಮೇಡಂ? ಅಲ್ಲೂ ಹಾಕ್ತಿದ್ದೆ."

"ನವಿಲೇನು ಅವ್ರಪ್ಪನ ಆಸ್ತಿನಾ? ಹಾಕ್ಕೋ ಹೋಗು!"

ಅಲ್ಲಿಂದ ನಿಮ್ಮ ಅಮ್ಮ ಮನೆಗೆ ಬರಲಿಲ್ಲ, ನೇರ ಟೈಲರಮ್ಮನ ಅಂಗಡಿಗೆ ನಡೆದಳು. ನಾನು ಹಿಂದೆ ಓಡಬೇಕಾಯಿತು. ಚೌಕಟ್ಟಿನಲ್ಲಿ ಗಿಳಿಹಸಿರು ರೇಷ್ಮೆ ಬಿಗಿದು ಇಟ್ಟಿದ್ದರು. ಕುಳಿತವಳೇ ಸೂಜಿಗೆ ಜರಿ ಪೋಣಿಸಿದಳು. ಟೈಲರಮ್ಮ ಕಾಫಿ ತಂದು, "ಕುಡ್ದು ಶುರು ಮಾಡಮ್ಮ" ಎಂದರು.

"ಇರಕ್ಕ, ಇದೊಂದು ಎಲೆ ಮುಗಿಸ್ಬುಡ್ತೀನಿ."

ಒಂದು ಎಲೆ ಹೋಗಿ ಒಂದು ಕೊಂಬೆಯಾಯಿತು. ಕಾಫಿ ಕೆನೆಗಟ್ಟಿತು. ಕೊನೆಗೆ ಟೈಲರಮ್ಮ ಅದನ್ನು ತಾವೇ ಕುಡಿದು, "ಇವಳಿಂದ ನಂಗೆ ಕಾಫಿ ಖರ್ಚಿಲ್ಲ ಬಿಡಿ" ಎಂದು ನನ್ನ ಕಡೆ ನೋಡಿ ನಕ್ಕರು.