ಟೈರಿಗೆ ಹಚ್ಚಿದ ಕೊಬ್ಬರಿ ಎಣ್ಣೆ

ನಮ್ಮ ಮನೆಯ ಫಿಯಟ್ ಕಾರಿಗೆ ನಾಲ್ಕು ಹೊಸ ಟೈರುಗಳನ್ನು ಆರಿಸಿದವಳು ನಾನು. ಅವು ಜಾರಿದ್ದೂ ನನ್ನಿಂದಲೇ. ಮೊದಲನೆಯ ಸಂಗತಿ ಊರಿಗೆಲ್ಲ ಗೊತ್ತಿದೆ. ಎರಡನೆಯದನ್ನು ನಾನು ಬಾಯಿಬಿಟ್ಟು ಹೇಳಿದ್ದು ಇಬ್ಬರಿಗೆ ಮಾತ್ರ, ಅದೂ ಹೇಳಬೇಕಾದ ಹೊತ್ತು ಮೀರಿದ ಮೇಲೆ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಕೆಲಸದ ಪತ್ರಕ್ಕೆ ಕಾಯುತ್ತ ಹೊನ್ನವಳ್ಳಿ ಕಡೆಯ ನಮ್ಮೂರಿನಲ್ಲಿದ್ದೆ. ಅಪ್ಪ ತೆಂಗಿನ ತೋಟದ ಮನುಷ್ಯ, ಆದರೆ ಮನಸ್ಸೆಲ್ಲ ಕಾರಿನ ಮೇಲೆ. ಸೆಕೆಂಡ್ ಹ್ಯಾಂಡ್ ಆದರೂ ಅದರ ಎಂಜಿನ್ನನ್ನು ಬೆಂಗಳೂರಿನ ಮೆಕ್ಯಾನಿಕ್ ಒಬ್ಬರಿಂದ ಬಿಚ್ಚಿಸಿ ಜೋಡಿಸಿ ತಂದಿದ್ದರು. ತುರುವೇಕೆರೆ ರಸ್ತೆಯಲ್ಲಿ ಬಸ್ಸನ್ನು ಹಿಂದೆ ಹಾಕಿದ ದಿನ ಊಟಕ್ಕೆ ಕುಳಿತಾಗ ಆ ಮಾತು ಎರಡು ಸಲ ಬರುತ್ತಿತ್ತು. ಆ ವರ್ಷ ಮಳೆ ಚೆನ್ನಾಗಿ ಹಿಡಿದುಕೊಂಡಿತ್ತು, ಕಾರಿನ ಹಳೆಯ ಟೈರುಗಳು ಬೋಳಾಗಿದ್ದವು. ಹೀಗೆ ಓಡಿಸುವವರಿಗೆ ಸಿಕ್ಕಿದ ಟೈರು ಆಗುವುದಿಲ್ಲ, ಒದ್ದೆಯಲ್ಲೂ ಒಣಗಿದ ರಸ್ತೆಯಲ್ಲೂ ಹಿಡಿತ ಇರುವಂಥದ್ದನ್ನೇ ನೋಡಿ ತರಬೇಕು ಎಂದು ನಾನು ಹಟ ಹಿಡಿದೆ.

"ಹಂಗಾರೆ ನೀನೇ ಬಂದು ನೋಡ್ ಹೇಳು ಮಗಾ," ಎಂದರು ಅಪ್ಪ. "ನಂಗೇನ್ ಗೊತ್ತು, ಕಪ್ಪುಗೆ ದುಂಡುಗಿದ್ರೆ ಟೈರು."

ಇಬ್ಬರೂ ತಿಪಟೂರಿನ ಒಂದು ಟೈರಂಗಡಿಗೆ ಹೋದೆವು. ಅಂಗಡಿಯವರು ಅರವತ್ತು ದಾಟಿದವರು. ಮೊದಲೆಲ್ಲ ಎತ್ತಿನ ಗಾಡಿಗಳಿಗೆ ರಬ್ಬರ್ ಟೈರು ಹಾಕಿಕೊಡುತ್ತಿದ್ದರು, ಆಮೇಲೆ ಲಾರಿ, ಕಾರು. ನಾವು ಹೋದ ಹೊತ್ತಿಗೆ ಅಂಗಡಿಯ ಬೆಂಚಿನ ಮೇಲೆ ಗಾಡಿಯವರು ಇಬ್ಬರು ಕೂತಿದ್ದರು. ಅಂಗಡಿಯವರು ಮೂರು ಬಗೆಯ ಟೈರುಗಳನ್ನು ಉರುಳಿಸಿ ತಂದು ನಿಲ್ಲಿಸಿದರು. ಮೊದಲನೆಯದಕ್ಕೆ ದೊಡ್ಡ ದೊಡ್ಡ ಬಟನ್ನಿನಂಥ ಉಬ್ಬುಗಳು. "ಕೆಸ್ರಲ್ಲಿ ಇದೇ ರಾಜ. ಟಾರ್ ರೋಡಲ್ಲಿ ಸ್ಪೀಡಾಗಿ ತಿರುಗ್ಸಿದ್ರೆ ಹಿಡಿಯಾಕಿಲ್ಲ." ಎರಡನೆಯದು ಗಟ್ಟಿ ರಬ್ಬರಿನದು, ಉದ್ದಕ್ಕೆ ಗೆರೆ ಎಳೆದಂತಿತ್ತು. "ಇದು ಬೇಗ ಸವೆಯಾಕಿಲ್ಲ. ಆದ್ರೆ ಮಳೆ ಬಿದ್ದಾಗ ಬ್ರೇಕ್ ಹೊಡುದ್ರೆ ದೇವ್ರೇ ಗತಿ." ಮೂರನೆಯದು ಆಗ ಹೊಸದಾಗಿ ಬರತೊಡಗಿದ್ದ ರೇಡಿಯಲ್. ಅದನ್ನು ಅವರು ಉಗುರಿನಿಂದ ಒತ್ತಿ ತೋರಿಸಿದರು. "ರಬ್ಬರ್ ಮೆತ್ತಗದೆ ನೋಡಿ, ರೋಡ್ನ ಕಚ್ಕತದೆ. ಈ ಸಂದಿಗಳಲ್ಲಿ ನೀರು ಆಚೆ ಹೋಯ್ತದೆ. ನೆಲಕ್ಕೆ ಅಗಲವಾಗಿ ಕೂತ್ಕತದೆ, ಅದ್ಕೇ ಒಣಗಿದ್ ರೋಡಲ್ಲೂ ಹಿಡಿತ ಜಾಸ್ತಿ."

ನಾನು ಅಲ್ಲಿ ಬಾಯಿ ಹಾಕಿದೆ. ಘರ್ಷಣೆಗೂ ತಾಗುವ ಜಾಗದ ಅಗಲಕ್ಕೂ ಸಂಬಂಧವಿಲ್ಲ, ಪುಸ್ತಕದಲ್ಲಿ ನೋಡಿ ಎಂದೆ. ನೋಡಿ ಎಂದು ಹೇಳಬಾರದಿತ್ತು. ಅವರಿಗೆ ಓದು ಬರುವುದಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು.

ಬೆಂಚಿನ ಮೇಲಿದ್ದವರಲ್ಲಿ ಒಬ್ಬರು ಇನ್ನೊಬ್ಬರ ತೊಡೆ ತಟ್ಟಿ, "ನೋಡ್ದೇನ್ಲಾ, ಎಮ್ಮೆಸ್ಸಿ ಮುಂದೆ ನಮ್ಮ ಟೈರ್ ಸಾಹುಕಾರಂದೇ ಪಂಚರ್ ಆಗೋಯ್ತು!" ಎಂದರು. ಅಪ್ಪನೂ ನಕ್ಕರು, ಹೆಮ್ಮೆಯಿಂದ.

ಅಂಗಡಿಯವರು ಬೇಸರ ಮಾಡಿಕೊಳ್ಳಲಿಲ್ಲ. "ಇರ್ಬೋದು ತಾಯಿ. ಕಲ್ಲು ಕಬ್ಬಿಣಕ್ಕೆ ಆ ಲೆಕ್ಕ ಸರಿಹೋಯ್ತದೇನೋ. ರಬ್ಬರ್ ಅದನ್ನ ಕೇಳಾಕಿಲ್ಲ," ಎಂದರು. ಮುಂದೆ ಕಾಲೇಜಿನಲ್ಲಿ ಪಾಠ ಮಾಡತೊಡಗಿದ ಮೇಲೆ ಓದಿ ತಿಳಿದೆ, ಅವರು ಹೇಳಿದ್ದೇ ಸರಿ. ರಬ್ಬರು ಆ ನಿಯಮವನ್ನು ಪಾಲಿಸುವುದಿಲ್ಲ.

ತೆಗೆದುಕೊಂಡದ್ದು ಅವರು ಹೇಳಿದ ರೇಡಿಯಲ್ ಟೈರುಗಳನ್ನೇ. ಆದರೆ ಊರಿನಲ್ಲಿ ಅದು ನನ್ನ ಆಯ್ಕೆಯಾಯಿತು. ಹೊಸ ರಬ್ಬರಿನ ಮೇಲೆ ಒಂದು ನುಣುಪು ಇರುತ್ತದೆ, ಅದು ಸವೆಯುವವರೆಗೆ ನಿಧಾನವಾಗಿ ಓಡಿಸಿ ಎಂದು ಅವರು ಅಪ್ಪನಿಗೆ ಹೇಳಿದ್ದನ್ನು ನಾನು ಮನೆಗೆ ಬಂದವರ ಮುಂದೆಲ್ಲ ನನ್ನ ಮಾತೆಂಬಂತೆ ಹೇಳಿದೆ. ಎರಡು ವಾರ ಓಡಿತು. ಅಪ್ಪ ಒದ್ದೆ ರಸ್ತೆಯಲ್ಲಿ ಬೇಕೆಂದೇ ಬ್ರೇಕ್ ಒತ್ತಿ, "ನೋಡು, ಹೆಂಗ್ ಕಚ್ಕಂಡ್ ನಿಂತ್ಕತು!" ಎಂದು ಹಿಗ್ಗುತ್ತಿದ್ದರು.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಆ ದಿನ ಕೆಲಸದ ಸಾಮಾನಿಗೆಲ್ಲ ಕೊಬ್ಬರಿ ಎಣ್ಣೆ ಮುಟ್ಟಿಸುವ ಪದ್ಧತಿ. ಸ್ವಂತ ಕೊಬ್ಬರಿಯನ್ನು ಗಾಣಕ್ಕೆ ಹಾಕಿಸಿದ ಎಣ್ಣೆ. ಮಚ್ಚು, ಗುದ್ದಲಿ, ನೇಗಿಲ ಗುಳ, ಕಾಯಿ ಸುಲಿಯುವ ಕಬ್ಬಿಣ, ಅಡುಗೆಮನೆಯ ಈಳಿಗೆಮಣೆ, ಎಲ್ಲದಕ್ಕೂ ಎಣ್ಣೆ ಹಚ್ಚಿ ಕುಂಕುಮ ಇಡಬೇಕು. ಅಮ್ಮ ಎಣ್ಣೆಯ ಬಟ್ಟಲನ್ನು ನನ್ನ ಕೈಗೆ ಕೊಟ್ಟು, "ಕಾರಿನ ಚಕ್ರಕ್ಕೂ ಒಂದ್ ಬೊಟ್ಟು ಮುಟ್ಸು ಕಣೇ, ಬುಡಬ್ಯಾಡ," ಎಂದರು.

ಒಂದು ಬೊಟ್ಟು ಎಂದಿದ್ದರು. ನಾನು ಕಾರು ತೊಳೆದು ನೋಡಿದಾಗ ಟೈರುಗಳು ಕೆಮ್ಮಣ್ಣು ಹಿಡಿದು ಮಂಕಾಗಿದ್ದವು. ಪೂಜೆಗೆ ಅಕ್ಕಪಕ್ಕದವರು ಬರುತ್ತಾರೆ, ನಾನು ಆರಿಸಿದ ಟೈರು ನೋಡುತ್ತಾರೆ. ತೆಂಗಿನ ನಾರನ್ನು ಉಂಡೆ ಮಾಡಿ ಎಣ್ಣೆಯಲ್ಲಿ ಅದ್ದಿ ಮೊದಲು ಟೈರಿನ ಪಕ್ಕಗಳನ್ನು ಉಜ್ಜಿದೆ. ಕಪ್ಪಗೆ ಮಿಂಚಿತು. ಪಕ್ಕ ಮಿಂಚಿ ಮುಖ ಮಂಕಾಗಿದ್ದರೆ ಅರೆಬರೆ ಕೆಲಸವಾಯಿತು ಅನ್ನಿಸಿ, ನೆಲಕ್ಕೆ ತಾಗುವ ಭಾಗವನ್ನೂ ಉಜ್ಜಿದೆ. ಸಂದಿ ಸಂದಿಗೂ ನಾರು ತೂರಿಸಿ ಉಜ್ಜಿದೆ. ಕೆಳಗಿನ ಭಾಗ ಕೈಗೆ ಸಿಗದಾಗ ಕಾರನ್ನು ಒಂದಷ್ಟು ಮುಂದಕ್ಕೆ ತಳ್ಳಿಸಿಕೊಂಡು ಅದನ್ನೂ ಮುಗಿಸಿದೆ. ಬಟ್ಟಲು ಖಾಲಿಯಾಗಿ ಇನ್ನೊಮ್ಮೆ ತುಂಬಿಸಿಕೊಂಡು ಬಂದೆ. ನೀರು ಹೊರಹೋಗಲಿ ಎಂದು ಮಾಡಿದ ಸಂದಿಗಳು ಅವು, ನಾನೇ ಹತ್ತು ಜನಕ್ಕೆ ವಿವರಿಸಿದ ಸಂದಿಗಳು. ಎಣ್ಣೆ ಹಚ್ಚುವಾಗ ಆ ವಿಚಾರ ಒಮ್ಮೆಯೂ ತಲೆಗೆ ಬರಲಿಲ್ಲ. ಹುಟ್ಟಿದಂದಿನಿಂದ ಕಂಡ ಎಣ್ಣೆ, ಅದು ಯಾವುದನ್ನಾದರೂ ಕೆಡಿಸೀತು ಎಂದು ನಮ್ಮ ಕಡೆಯವರಿಗೆ ತೋಚುವುದೇ ಇಲ್ಲ. ಅಪ್ಪ ನೋಡಿ "ಬೇಷ್" ಎಂದರು. ಪೂಜೆಯಾಯಿತು. ನಿಂಬೆಹಣ್ಣಿನ ಮೇಲೆ ಹತ್ತಿಸಿ ಕಾರನ್ನು ಅಲ್ಲೇ ನಿಲ್ಲಿಸಿದರು.

ಮರುದಿನ ಬೆಳಿಗ್ಗೆ ಜಿನುಗು ಮಳೆ. ಅಪ್ಪ, ಅಮ್ಮ, ನಾನು ತುರುವೇಕೆರೆಯ ನೆಂಟರ ಮನೆಗೆ ಹೊರಟೆವು. ಊರು ದಾಟಿದ ಕೂಡಲೇ ಕೆರೆಯ ಏರಿ, ಏರಿ ಇಳಿಯುವಲ್ಲಿ ತಿರುವು. ತಿರುವಿನಲ್ಲಿ ಒಂದು ಎಮ್ಮೆ ಅಡ್ಡ ಬಂತು. ಅಪ್ಪ ಎರಡು ವಾರದಿಂದ ಆಡುತ್ತಿದ್ದ ಆಟದ ಧೈರ್ಯದಲ್ಲಿ ಬ್ರೇಕ್ ಒತ್ತಿದರು. ಕಾರು ನಿಲ್ಲಲಿಲ್ಲ. ಸದ್ದೇ ಇಲ್ಲದೆ ಪಕ್ಕಕ್ಕೆ ಸರಿಯಿತು, ಎಮ್ಮೆ ನಮ್ಮನ್ನು ನೋಡುತ್ತಲೇ ನಿಂತಿತ್ತು, ನಾವು ಅದನ್ನು ಬಳಸಿಕೊಂಡು ಹೋಗಿ ತೋಟದ ಅಂಚಿನ ಚರಂಡಿಗೆ ಇಳಿದೆವು. ಅಮ್ಮನ ಬಲಗೈ ಮಣಿಕಟ್ಟು ಮುರಿಯಿತು.

ಅಮ್ಮನನ್ನು ಇಳಿಸಿಕೊಳ್ಳಲು ಬಗ್ಗಿದಾಗ ಹಿಂದಿನ ಚಕ್ರ ನನ್ನ ಮುಖದ ಹತ್ತಿರವಿತ್ತು. ಬಿಸಿ ರಬ್ಬರಿನ ವಾಸನೆಯ ಜೊತೆಗೆ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಆ ಕ್ಷಣದಲ್ಲೇ ನನಗೆ ಎಲ್ಲವೂ ಗೊತ್ತಾಯಿತು.

ಎತ್ತು ಕಟ್ಟಿ ಕಾರನ್ನು ಎಳೆಯಲು ಬಂದವರಲ್ಲಿ ಒಬ್ಬರು, "ಹೊಸಾ ಟೈರಂತೆ ಕಣ್ಲಾ! ನಮ್ಮ ಗಾಡಿ ಟೈರೇ ವಾಸಿ," ಎಂದರು. ಅಪ್ಪನ ಮುಖ ಕೆಂಪಾಯಿತು. "ಮೋಸದ ಮಾಲು ಕೊಟ್ಟವ್ನೆ," ಎಂದರು. ಅಲ್ಲಿ ಹೇಳಬಹುದಿತ್ತು. ಅಮ್ಮ ಕೈ ಹಿಡಿದುಕೊಂಡು ನರಳುತ್ತಿದ್ದರು, ಈಗ ಬೇಡ ಎಂದುಕೊಂಡೆ.

ಮೂರು ದಿನ ಬಿಟ್ಟು ಅಪ್ಪ ಕಾರನ್ನು ತಿಪಟೂರಿಗೆ ಒಯ್ದರು. ನನ್ನನ್ನೂ ಕರೆದುಕೊಂಡರು, ಟೈರಿನ ವಿಷಯ ಮಾತಾಡಲು ನಾನು ಬೇಕಂತೆ. ಕೊಬ್ಬರಿ ಮಾರಾಟದ ದಿನ, ಅಂಗಡಿಯ ಮುಂದೆ ಹತ್ತು ಹನ್ನೆರಡು ಜನರಿದ್ದರು. ಅಪ್ಪ ಕಾರಿನಿಂದ ಇಳಿಯುತ್ತಲೇ ಕೂಗಾಡಿದರು. "ನನ್ ಹೆಂಡ್ತಿ ಕೈ ಮುರ್ದೋಯ್ತು ಕಣ್ರೀ! ನಂಬ್ಕಂಡ್ ಬಂದೋರಿಗೆ ಕಳಪೆ ಮಾಲು ಹಾಕ್ತೀರಲ್ಲ, ಈ ವಯಸ್ಸಲ್ಲಿ ನಾಚ್ಕೆ ಆಗಾಕಿಲ್ವಾ?"

ಅಂಗಡಿಯವರು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತರು. ಕೆಸರನ್ನು ಒರೆಸಿದರು. ಸಂದಿಯೊಳಗೆ ಬೆರಳು ಹಾಕಿ ಎಳೆದು, ಬೆರಳನ್ನು ಮೂಗಿನ ಹತ್ತಿರ ತಂದರು. ಆ ವಾಸನೆ ಗುರುತು ಸಿಗದವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲ. ತಲೆ ಎತ್ತಿ, "ಯಜಮಾನ್ರೇ, ಇದಕ್ಕೆ ಏನಾರ..." ಎಂದು ಶುರು ಮಾಡಿದವರು ಅಪ್ಪನ ಹಿಂದೆ ನಿಂತಿದ್ದ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಬಹುಶಃ ಅಷ್ಟೇ ಸಾಕಾಯಿತು. ಅವರು ಬೆರಳನ್ನು ಪಂಚೆಗೆ ಒರೆಸಿಕೊಂಡು ಎದ್ದರು.

"ಒಂದೊಂದ್ ಸಲ ಮಾಲು ಹಂಗೇ ಬಂದ್ಬುಡ್ತದೆ. ಬುಡಿ ಯಜಮಾನ್ರೇ, ಬೇರೆ ಹಾಕ್ಕೊಡ್ತೀನಿ."

ತುಂಬಿದ ಜನರ ಮುಂದೆ ಹಾಗೆ ಒಪ್ಪಿಕೊಂಡರು. ಅವರಾಗಿಯೇ ಒಪ್ಪಿಕೊಂಡ ಮೇಲೆ ಜನ ಇನ್ನೇನು ನಂಬಬೇಕು? ಹೊನ್ನವಳ್ಳಿಯಲ್ಲಿ, ಹಾಲ್ಕುರಿಕೆಯಲ್ಲಿ, ಬಸ್ಸಿನಲ್ಲಿ, ಆ ಅಂಗಡಿಯ ಟೈರು ಕೈ ಮುರಿಯಿತಂತೆ ಎಂಬ ಮಾತು ನನ್ನ ಕಿವಿಗೇ ಬಿತ್ತು. ಗಾಡಿಯವರು ಕೂಡ ಬೇರೆ ಅಂಗಡಿಗೆ ಹೋಗತೊಡಗಿದರು. ನಲವತ್ತು ವರ್ಷ ಅವರು ಕಟ್ಟಿಕೊಂಡದ್ದು ನಂಬಿಕೆಯೊಂದನ್ನೇ. ಅದು ಒಂದೂವರೆ ತಿಂಗಳಲ್ಲಿ ಕರಗುವುದನ್ನು ನಾನು ಕಾರಿನ ಕಿಟಕಿಯಿಂದ ನೋಡುತ್ತಿದ್ದೆ. ತಿಪಟೂರಿಗೆ ಹೋದಾಗಲೆಲ್ಲ ಬೆಂಚು ಖಾಲಿ ಇರುತ್ತಿತ್ತು.

ಕೊನೆಗೊಂದು ದಿನ ಲೈಬ್ರರಿಗೆ ಹೋಗಿ ಬರುತ್ತೇನೆಂದು ಹೇಳಿ ಮಧ್ಯಾಹ್ನದ ಬಸ್ಸಿಗೆ ಹೋದೆ. ಮಧ್ಯಾಹ್ನ ಎರಡು ಗಂಟೆಗೆ ಅಂಗಡಿಯಲ್ಲಿ ಬೇರೆ ಯಾರೂ ಇರುವುದಿಲ್ಲ ಎಂದು ಲೆಕ್ಕ ಹಾಕಿಯೇ ಆ ಬಸ್ಸನ್ನು ಆರಿಸಿದ್ದೆ. ಅವರೊಬ್ಬರೇ ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಹೇಳಿದೆ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ವಾಕ್ಯಗಳನ್ನು ಒಂದೂ ತಪ್ಪದಂತೆ ಹೇಳಿದೆ.

ಅವರು ಟವೆಲ್ಲಿನಲ್ಲಿ ಕೈ ಒರೆಸಿಕೊಂಡರು. "ನಂಗೆ ಗೊತ್ತಿರೋದ್ನ ನಂಗೇ ಹೇಳಾಕ್ ಬಂದ್ಯಾ ತಾಯಿ?"

ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಅವರೇ ಮುಂದುವರಿಸಿದರು.

"ಅವತ್ತೇ ಹೇಳ್ಬೋದಿತ್ತು ನಾನು. ಮದುವೆಗಿರೋ ಹೆಣ್ಮಗು, ಅಷ್ಟ್ ಜನದ ಮುಂದೆ ಬ್ಯಾಡ ಅನ್ನುಸ್ತು. ಮನೆಗೋಗಿ ನಿಮ್ಮಪ್ಪಾರ್ ತಾವ ನೀನೇ ಹೇಳ್ತೀಯ ಅನ್ಕಂಡಿದ್ದೆ." ಕೋಪವಿರಲಿಲ್ಲ. "ಬಿಸ್ಲಲ್ಲಿ ಬಂದಿದ್ದೀಯ, ನೀರ್ ಕುಡಿ," ಎಂದು ಲೋಟ ಕೊಟ್ಟರು. ಕುಡಿದು ಬಂದೆ.

ಅದೇ ಸಂಜೆ ಅಪ್ಪನಿಗೆ ಹೇಳಿದೆ. ಅವರು ಬೈಯಲಿಲ್ಲ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಮತ್ತೆ ಕೊಬ್ಬರಿ ಮಾರಾಟವಿತ್ತು. "ನಡಿ, ಕಾರ್ ಹತ್ತು," ಎಂದರು.

ಮಾರುಕಟ್ಟೆ ಬಿಡುವ ಹೊತ್ತಿಗೆ ಸರಿಯಾಗಿ ಕಾರನ್ನು ಅಂಗಡಿಯ ಎದುರು ನಿಲ್ಲಿಸಿ, ರಸ್ತೆಯಲ್ಲಿ ಸಿಕ್ಕ ಪರಿಚಯದವರನ್ನೆಲ್ಲ "ಬನ್ರೋ ಇಲ್ಲಿ" ಎಂದು ಕರೆದರು. ಅಂಗಡಿಯೊಳಗೆ ಹೋಗುವ ಮೊದಲು ಒಮ್ಮೆ ತಿರುಗಿ ಕಾರಿನ ಕಡೆ ನೋಡಿದರು. ನಾನು ಕಾರಿನಲ್ಲೇ ಕೂತಿದ್ದೆ.

"ಅವತ್ತು ನಿಮ್ಗೆ ನಾನು ಅಂದಿದ್ದೆಲ್ಲ ತಪ್ಪು," ಎಂದರು ಅಪ್ಪ, ಆಚೆ ಕೇಳುವಷ್ಟು ಗಟ್ಟಿಯಾಗಿ. "ಟೈರು ಚೆನ್ನಾಗೇ ಇದ್ವು. ಆಯುಧಪೂಜೇಲಿ ಅವಕ್ಕೆ ಕೊಬ್ಬರಿ ಎಣ್ಣೆ ಬಳ್ದಿದ್ದೆ. ನಾನೇ ಬಳ್ದಿದ್ದು."

ಗುಂಪಿನಲ್ಲಿ ಯಾರೋ, "ಎಣ್ಣೆ ಒಂದೇ ಯಾಕೆ ಯಜಮಾನ್ರೇ, ತಲೆ ಬಾಚಿ ಜಡೇನೂ ಹಾಕ್ಬುಡ್ಬೇಕಿತ್ತು!" ಎಂದರು. ಅಂಗಡಿಯೇ ನಕ್ಕಿತು. ಅಂಗಡಿಯವರು ಮಾತ್ರ ನಗಲಿಲ್ಲ. ಅಪ್ಪನ ಭುಜದಾಚೆಗೆ ಕಾರನ್ನು ನೋಡುತ್ತಿದ್ದರು. ನನ್ನ ಕೈ ಬಾಗಿಲ ಹಿಡಿಯ ಮೇಲಿತ್ತು. ತಿರುಗಿಸಲು ಆಗಲಿಲ್ಲ.

ಅಪ್ಪ ಬಂದು ಕೂತು ಕಾರು ಸ್ಟಾರ್ಟ್ ಮಾಡಿದರು. ತಿಪಟೂರು ದಾಟಿದ ಮೇಲೆ ಕೇಳಿದೆ, "ಯಾಕಪ್ಪಾ ನಾನೇ ಅಂತ ಹೇಳಿದ್ರಿ?"

"ನೀನ್ ಇಳ್ದು ಬತ್ತೀಯೇನೋ ಅಂತ ನೋಡ್ದೆ," ಎಂದರು. "ಬರ್ಲಿಲ್ಲ. ಯಾರಾರ ಒಬ್ರು ಹೇಳ್ಬೇಕಿತ್ತಲ್ಲ."

ಅಂಗಡಿಗೆ ಜನ ಮರಳಿದರು, ಒಮ್ಮೆಲೇ ಅಲ್ಲ, ಒಬ್ಬೊಬ್ಬರಾಗಿ. ಅಪ್ಪನಿಗೆ ಅಂಟಿದ ತಮಾಷೆ ಮಾತ್ರ ಹೋಗಲಿಲ್ಲ. ಈಗಲೂ ಸಂತೆಯಲ್ಲಿ ಕಂಡವರು, "ಏನ್ ಯಜಮಾನ್ರೇ, ಟೈರಿಗೆ ಎಣ್ಣೆ ಆಯ್ತಾ?" ಎಂದು ಕೇಳುತ್ತಾರೆ. ಅಪ್ಪ ನಗುತ್ತಾರೆ. ರಜೆಗೆ ಬಂದಾಗ ಪಕ್ಕದಲ್ಲಿ ನಾನಿದ್ದರೆ, ಏನೂ ಗೊತ್ತಿಲ್ಲದವಳ ಹಾಗೆ ನಾನೂ ಸ್ವಲ್ಪ ನಗುತ್ತೇನೆ.