ತೆಲಸಂಗದ ಪೈಲ್ವಾನನ ಅಂಗೈ

ಕುಸ್ತಿಯಲ್ಲಿ ನಾನು ಮೋಸ ಮಾಡುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಡ ಮಾಡಿ ಹೇಳಿದರೆ ನೀವು ಅಲ್ಲಿಯವರೆಗೆ ಓದಿದ್ದೆಲ್ಲ ಸುಳ್ಳಾಗುತ್ತದೆ.

ನಮ್ಮೂರು ರಾಯಬಾಗ ತಾಲೂಕಿನಲ್ಲಿ, ಪಾಲಬಾವಿಯ ಹತ್ತಿರ. ಏಳನೇ ಇಯತ್ತೆಗೆ ಶಾಲೆ ಬಿಟ್ಟೆ. ಕಬ್ಬಿನ ಹೊಲದಲ್ಲಿ ಅಪ್ಪನ ಜೊತೆ ದುಡಿತ, ಮುಂಜಾನೆ ಸಂಜೆ ತಾಲೀಮು. ಕುಸ್ತಿ ಕಲಿಸುವ ಮನೆಗೆ ನಮ್ಮ ಕಡೆ ತಾಲೀಮು ಅನ್ನುತ್ತೇವೆ, ಅದನ್ನು ನಡೆಸುವ ಹಿರಿಯರಿಗೆ ವಸ್ತಾದ. ನಮ್ಮ ವಸ್ತಾದರಿಗೆ ಅರವತ್ತು ದಾಟಿತ್ತು. ಎರಡೂ ಕಿವಿ ಮುದುಡಿ ಒಣ ಅಂಜೂರದಂತಾಗಿದ್ದವು. ಹರೆಯದಲ್ಲಿ ಕೊಲ್ಲಾಪುರದ ಒಂದು ದೊಡ್ಡ ತಾಲೀಮಿನಲ್ಲಿ ಇದ್ದು ಬಂದವರು. ಎರಡು ಮೂರು ವರ್ಷಕ್ಕೊಮ್ಮೆ ನಮ್ಮಲ್ಲಿ ಒಬ್ಬನನ್ನು ಆರಿಸಿ ಅಲ್ಲಿಗೆ ಕಳಿಸುತ್ತಿದ್ದರು. ಊಟ, ವಸತಿ, ಕಲಿಕೆ ಎಲ್ಲ ಅಲ್ಲೇ. ನನಗೆ ಬೇಕಾಗಿದ್ದದ್ದು ಅದೊಂದೇ. ರಾತ್ರಿ ಮಲಗಿದರೂ ಕೊಲ್ಲಾಪುರ, ಎದ್ದರೂ ಕೊಲ್ಲಾಪುರ.

ಮೈಯೇನೋ ನನಗೆ ಇತ್ತು. ದಿನಕ್ಕೆ ಐನೂರು ಸಾಮು, ಸಾವಿರ ಬೈಠಕ್ ಹೊಡೆಯುತ್ತಿದ್ದೆ. ಎಮ್ಮೆಯ ಹಾಲು ಮನೆಯವರಿಗಿಂತ ಮೊದಲು ನನಗೆ. ಮೈ ಇದ್ದವನೇ ಪೈಲ್ವಾನ ಎಂದು ತಿಳಿದಿದ್ದೆ. ಆದರೆ ಕಣಕ್ಕೆ ಇಳಿದರೆ ಹೆದರಿಕೆ ಆಗುತ್ತಿತ್ತು. ಬೀಳುವ ಹೆದರಿಕೆಯಲ್ಲ. ಬಿದ್ದದ್ದನ್ನು ವಸ್ತಾದರು ನೋಡುತ್ತಾರಲ್ಲ, ಆ ಹೆದರಿಕೆ.

ಅದಕ್ಕೆ ಎಣ್ಣೆ ಹಚ್ಚಲು ಕಲಿತೆ. ಯಾರೂ ಕಲಿಸಲಿಲ್ಲ, ನಾನೇ ಕಂಡುಕೊಂಡದ್ದು. ಕುಸ್ತಿಯ ದಿನ ಮೈಗೆ ಎಣ್ಣೆ ಹಚ್ಚಬಾರದು, ಹಚ್ಚಿದವನನ್ನು ಕಣದಿಂದ ಹೊರಗೆ ಹಾಕುತ್ತಾರೆ. ಆಟಕ್ಕೆ ಮೊದಲು ಪಂಚರು ಬಂದು ಬೆನ್ನು, ತೋಳು ಮುಟ್ಟಿ ನೋಡುತ್ತಾರೆ. ನಾನು ಬೆಳಿಗ್ಗೆಯೇ ಕುಸುಬಿ ಎಣ್ಣೆ ಬಿಸಿ ಮಾಡಿ ಕುತ್ತಿಗೆ, ಹೆಗಲು, ತೊಡೆಗೆ ತಿಕ್ಕಿ ಇಂಗಿಸಿ, ಮೇಲೆ ಉಳಿದದ್ದನ್ನು ಹಳೆಯ ಧೋತರದಿಂದ ಒರೆಸಿಬಿಡುತ್ತಿದ್ದೆ. ಮುಟ್ಟಿದರೆ ಒಣ ಮೈ. ಆಟದ ಕಾವು ಏರಿ ಬೆವರು ಬಂದಮೇಲೆ ಎಣ್ಣೆಯೂ ಮೇಲೆ ಬರುತ್ತಿತ್ತು. ಆಗ ಎದುರಿನವನ ಕೈ ಜಾರುತ್ತದೆ. ಬೆವರಿಗೆ ಜಾರಿತು ಎಂದುಕೊಳ್ಳುತ್ತಾನೆ. ಮೂರು ಕುಸ್ತಿ ಹಾಗೆ ಗೆದ್ದೆ.

ಎರಡು ಸಾವಿರದ ಹತ್ತರ ಆಸುಪಾಸು. ತಾಲೀಮಿನ ಚಾವಣಿಗೆ ಹೊಸ ತಗಡಿನ ಪತ್ರಾ ಹೊದಿಸಿದ್ದೆವು. ಆ ಖುಷಿಗೆ ಊರವರು ಅದರ ಮುಂದಿನ ಬಯಲಿನಲ್ಲಿ ಒಂದು ದಿನ ಕುಸ್ತಿ ಇಟ್ಟರು. ಅಥಣಿ, ಚಿಕ್ಕೋಡಿ, ನಿಪ್ಪಾಣಿ ಕಡೆಯಿಂದ ಪೈಲ್ವಾನರು ಬಂದಿದ್ದರು. ನನಗೆ ಜೋಡಿ ಹಚ್ಚಿದ್ದು ತೆಲಸಂಗದವನೊಬ್ಬನ ಜೊತೆ. ಮೂವತ್ತರ ಮೇಲಿನ ವಯಸ್ಸು, ಕಪ್ಪು ಮೈ, ಮಾಂಸ ಕಡಿಮೆ, ನರ ಜಾಸ್ತಿ. ನೋಡಿದರೆ ಪೈಲ್ವಾನ ಅನ್ನುವಂತಿರಲಿಲ್ಲ.

ಮುಂಜಾನೆ ವಸ್ತಾದರು ಕರೆದು ಹೇಳಿದ್ದರು. "ಇವತ್ತ ನೋಡ್ತೀನಿ ನಿನ್ನ. ಚಲೋ ಆಡಿದಿ ಅಂದ್ರ ಕೊಲ್ಲಾಪುರಕ್ಕ ಫೋನ್ ಹಚ್ತೀನಿ. ನಾ ಕಳಸಿದ ಹುಡುಗ ಅಲ್ಲಿ ಬಿದ್ರ ನಾನ ಬಿದ್ದಂಗ, ತಿಳೀತೇನ?"

"ತಿಳೀತ್ರಿ," ಎಂದು ಮನೆಗೆ ಹೋಗಿ ಎಣ್ಣೆ ಬಿಸಿಗೆ ಇಟ್ಟೆ.

ಹಲಗಿ ಬಡಿದರು. ಪಂಚರು ಮೈ ಮುಟ್ಟಿ ನೋಡಿ ಬಿಟ್ಟರು. ಕೈ ಕೊಟ್ಟೆವು, ಹಿಡಿದೆವು. ಮೊದಲ ಐದು ನಿಮಿಷ ಅವನು ನನ್ನನ್ನು ತೂಗಿ ನೋಡುತ್ತಿದ್ದ. ಆಮೇಲೆ ಕುತ್ತಿಗೆಗೆ ಕೈ ಹಾಕಿ ಎಳೆದ. ಜಾರಿತು. ಮತ್ತೆ ಹಾಕಿದ. ಮತ್ತೆ ಜಾರಿತು. ಮೂರನೇ ಸಲ ತೊಡೆ ಹಿಡಿದು ಎತ್ತುವುದರಲ್ಲಿದ್ದ, ಕೈ ಸರಕ್ಕನೆ ಕೆಳಗೆ ಬಂತು. ಆ ಸಂದಿನಲ್ಲಿ ನಾನು ಹಿಂದೆ ಹೋಗಿ ಅವನನ್ನು ಮಣ್ಣಿಗೆ ಕೆಡವಿದೆ. ಬೋರಲು ಬಿದ್ದ. ನಮ್ಮೂರವರು ಕೂಗಿದರು.

"ಹಾಕಲೇ! ಮಗಚಿ ಹಾಕಲೇ ಅವನ್ನ!"

"ಏ ತೆಲಸಂಗ, ಕೈಗೆ ಬೆಣ್ಣಿ ಹಚ್ಕೊಂಡ ಬಂದಿಯೇನೋ?"

ಬೆನ್ನು ನೆಲಕ್ಕೆ ಹತ್ತಿದರೆ ಚಿತ್, ಆಟ ಮುಗಿಯಿತು. ಅವನು ಹಾವಿನಂತೆ ಹೊರಳಿ ಎದ್ದುಬಿಟ್ಟ. ಎದ್ದವನು ನನ್ನ ಕಡೆ ಬರಲಿಲ್ಲ. ನಿಂತು ತನ್ನ ಬಲಗೈ ನೋಡಿದ. ಹೆಬ್ಬೆರಳಿನಿಂದ ಬೆರಳುಗಳನ್ನು ಉಜ್ಜಿದ. ಆಮೇಲೆ ಮೀಸೆ ಒರೆಸುವವನಂತೆ ಅಂಗೈಯನ್ನು ಮೂಗಿನ ಹತ್ತಿರ ತಂದ. ನನ್ನ ಮುಖ ನೋಡಿದ.

ಗೊತ್ತಾಯಿತು ಅವನಿಗೆ. ಗೊತ್ತಾದದ್ದು ನನಗೂ ಗೊತ್ತಾಯಿತು.

ಪಂಚರು ಹತ್ತು ಹೆಜ್ಜೆ ಆಚೆ ನಿಂತಿದ್ದರು. ಅವನು ಆ ಕೈಯನ್ನು ಅವರ ಕಡೆ ಎತ್ತಿ ತೋರಿಸಿದರೆ ಸಾಕಿತ್ತು. ನನ್ನನ್ನು ಅಲ್ಲೇ ಊರ ಮುಂದೆ ಹೊರಗೆ ಹಾಕುತ್ತಿದ್ದರು. ಕೊಲ್ಲಾಪುರ ಮುಗಿಯುತ್ತಿತ್ತು. ವಸ್ತಾದರು ತಲೆ ತಗ್ಗಿಸುತ್ತಿದ್ದರು. ನನಗೆ ಓಡಿಹೋಗಬೇಕು ಅನ್ನಿಸಿತು.

ಅವನು ಬಗ್ಗಿ ಎರಡೂ ಕೈ ತುಂಬ ಮಣ್ಣು ತೆಗೆದುಕೊಂಡ. ಕಣ್ಣಿಗೆ ಎರಚುತ್ತಾನೆ ಎಂದುಕೊಂಡೆ. ಎರಚಿದರೂ ತಪ್ಪಿರಲಿಲ್ಲ. ಅವನು ಹತ್ತಿರ ಬಂದು ಆ ಮಣ್ಣನ್ನು ನನ್ನ ಕುತ್ತಿಗೆಗೆ ಹಚ್ಚಿದ. ಹೆಗಲಿಗೆ ಹಚ್ಚಿದ. ಮತ್ತೆ ಬಗ್ಗಿ ಮತ್ತೊಂದು ಹಿಡಿ ತೆಗೆದು ತೊಡೆಗೆ ಹಚ್ಚಿದ. ಎತ್ತಿನ ಮೈ ತಿಕ್ಕುವವನಂತೆ, ಅವಸರವಿಲ್ಲದೆ, ಒಂದು ಜಾಗವೂ ಬಿಡದೆ. ಉಳಿದದ್ದನ್ನು ತನ್ನ ಎದೆಗೆ ತಿಕ್ಕಿಕೊಂಡ.

ಎದುರಾಳಿಗೆ ಮಣ್ಣು ಹಚ್ಚುವುದು ಕುಸ್ತಿಯಲ್ಲಿ ಮರ್ಯಾದೆ. ದೊಡ್ಡ ಪೈಲ್ವಾನರು ಚಿಕ್ಕವರಿಗೆ ಹಚ್ಚುತ್ತಾರೆ. ಜನ ಹಾಗೆಯೇ ತಿಳಿದರು. ಚಪ್ಪಾಳೆ ಬಿತ್ತು.

"ವ್ಹಾ ಪೈಲ್ವಾನ! ನೋಡ್ರಲೇ, ಕುಸ್ತಿ ಅಂದ್ರ ಇದು!" ಎಂದು ಹಿಂದಿನಿಂದ ಯಾರೋ ಅಂದರು.

ಸಾವಿರ ಜನರ ನಡುವೆ ನನ್ನ ಮೋಸವನ್ನು ಅವನು ಮಣ್ಣಿನಿಂದ ಮುಚ್ಚಿದ್ದ. ಅದು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಕಿವಿಯ ಹತ್ತಿರ ಬಾಯಿ ತಂದು ಒಂದೇ ಮಾತು ಹೇಳಿದ.

"ಈಗ ಆಡೂಣು ಬಾ."

ಆಡಿದೆವು. ಇಪ್ಪತ್ತು ನಿಮಿಷದ ಮೇಲೆ ಆಡಿದೆವು. ಹಿಡಿದರೆ ಹಿಡಿತ ಸಿಗುತ್ತಿತ್ತು, ಅವನಿಗೂ ನನಗೂ. ಎರಡು ಸಲ ಅವನು ನನ್ನ ಕೆಳಗೆ ಬಂದ, ಎರಡು ಸಲ ಎದ್ದ. ಕೊನೆಗೆ ನನ್ನನ್ನು ಸೊಂಟದ ಮೇಲೆ ಎತ್ತಿ ಹೇಗೆ ತಿರುಗಿಸಿದನೋ, ಬೆನ್ನು ನೆಲಕ್ಕೆ ಬಿತ್ತು. ಚಿತ್. ಬಿದ್ದಲ್ಲಿಂದ ತಾಲೀಮಿನ ಹೊಸ ಪತ್ರಾ ಕಾಣುತ್ತಿತ್ತು. ಅವನು ಕೈ ಹಿಡಿದು ಎಬ್ಬಿಸಿ ಬೆನ್ನಿನ ಮಣ್ಣು ಜಾಡಿಸಿ, ನೆಟ್ಟಗೆ ವಸ್ತಾದರ ಕಡೆ ಕರೆದುಕೊಂಡು ಹೋದ. ಈಗ ಹೇಳುತ್ತಾನೆ ಎಂದುಕೊಂಡೆ.

ಅವರ ಕಾಲು ಮುಟ್ಟಿ ಅಂದ, "ಚಲೋ ಹುಡುಗನ್ನ ತಯಾರ ಮಾಡೀರಿ. ಕೈಯಾಗ ಭಾಳ ಜೋರ ಐತ್ರಿ."

ವಸ್ತಾದರ ಮುಖ ಅರಳಿತು. ಅವನು ಹೋದ ಮೇಲೆ ನನಗೆ ಅಂದರು, "ಸೋತ್ರ ಸೋತಿ, ಹೋಗ್ಲಿ. ಇಂಥಾಂವನ ಮುಂದ ಅರ್ಧ ತಾಸ ನಿಂತಿ. ಕೊಲ್ಲಾಪುರಕ್ಕ ಹೇಳ್ತೀನಿ."

ಹೇಳಿಯೂ ಬಿಟ್ಟರು. ಮುಂದಿನ ತಿಂಗಳು ಹೋಗಬೇಕು. ಅವ್ವ ಎರಡು ಹೊಸ ಚಾದರ ತಂದಳು. ನನಗೆ ಊಟ ಸೇರಲಿಲ್ಲ. ಅವನು ಯಾಕೆ ಸುಮ್ಮನಿದ್ದ? ಅದು ಗೊತ್ತಾಗದೆ ಇರಲು ಆಗಲಿಲ್ಲ. ಹದಿನೈದು ದಿನವಾದ ಮೇಲೆ ಯಾರಿಗೂ ಹೇಳದೆ ತೆಲಸಂಗಕ್ಕೆ ಹೋದೆ. ಹಾರೂಗೇರಿಯಲ್ಲಿ ಒಂದು ಬಸ್ಸು ಬದಲಿ, ಅಥಣಿಯಲ್ಲಿ ಇನ್ನೊಂದು.

ನಮ್ಮ ಕಡೆಯಷ್ಟು ಅಲ್ಲಿ ನೀರಿಲ್ಲ. ಕರಿ ನೆಲ, ಬಿಸಿಲು. ಊರಲ್ಲಿ ಕೇಳಿಕೊಂಡು ಅವನ ಹೊಲಕ್ಕೆ ಹೋದೆ. ಅವನೂ ಹೆಂಡತಿಯೂ ಕೈಗೆ ಅರಿವೆ ಸುತ್ತಿಕೊಂಡು ಕುಸುಬಿ ಕೀಳುತ್ತಿದ್ದರು. ಕುಸುಬಿಗೆ ಮುಳ್ಳಿರುತ್ತದೆ. ಎಣ್ಣೆಯ ವಾಸನೆ ಅವನಿಗೆ ಹೇಗೆ ಗೊತ್ತಾಯಿತು ಎಂದು ಆಗ ತಿಳಿಯಿತು.

"ಯಾರ್ರೀ ಇಂವಾ?" ಹೆಂಡತಿ ಕೇಳಿದಳು.

"ರಾಯಬಾಗ ಕಡೆ ಪೈಲ್ವಾನ. ನನ್ನ ಜೋಡಿ ಆಡಿದ್ದ."

"ಸೋತಾಂವನ ಇರಬೇಕ ತಗೋರಿ. ಗೆದ್ದಾಂವ ಇಷ್ಟ ದೂರ ಹುಡ್ಕ್ಯಾಡಕೋತ ಬರ್ತಾನೇನ?" ಎಂದು ನಕ್ಕು ನೀರಿನ ತಂಬಿಗೆ ಕೊಟ್ಟಳು.

ಅವನು ನನ್ನ ಕೈಗೂ ಒಂದು ಅರಿವೆ ಕೊಟ್ಟ. "ಮಾತಾಡಕೋತ ಈ ಸಾಲ ಹಿಡಿ." ಹಿಡಿದೆ. ಅರ್ಧ ಸಾಲು ಮುಗಿದ ಮೇಲೆ ಕೇಳಿದೆ.

"ಅಣ್ಣಾ, ಅವತ್ತ ಪಂಚರಿಗೆ ಯಾಕ ತೋರಸ್ಲಿಲ್ರಿ?"

"ಏನ?"

"ಕೈ."

ಅವನು ಬಗ್ಗಿದ್ದವನು ಏಳಲಿಲ್ಲ. "ತೋರ್ಸಿದ್ರ ಕುಸ್ತಿ ನಿಲ್ತಿತ್ತಲ್ಲೋ ತಮ್ಮಾ. ಒಂದ ದಿನದ ಕೆಲಸಾ ಬಿಟ್ಟ, ಮೂರ ಬಸ್ ಹತ್ತಿ ಬಂದಿದ್ನಿ. ಕುಸ್ತಿ ಆಡಾಕ ಬಂದಿದ್ನಿ. ಆಡದ ಹ್ವಾದ್ರ ಹೆಂಗ?"

"ಸೋತಿದ್ರ?"

"ಸೋಲ್ತಿದ್ನಿ. ಅದೇನ ಹೊಸಾದ ನನಗ?"

"ಯಾರಿಗಾದ್ರೂ ಹೇಳೀರೇನ್ರಿ?"

"ಹೇಳೇನಿ. ರಾಯಬಾಗ ಕಡೆ ಒಂದ ಹುಡುಗ ಐತಿ, ಮಣ್ಣ ಹಚ್ಚಿದ ಮ್ಯಾಲ ಹುಲಿ ಹಂಗ ಆಡತೈತಿ ಅಂತ ನಮ್ಮ ತಾಲೀಮಿನಾಗ ಹೇಳೇನಿ." ಆಗ ಎದ್ದು ನಿಂತು ನನ್ನ ಕಡೆ ನೋಡಿದ. "ನೀ ಅವತ್ತ ಚಲೋ ಆಡಿದಿ. ಖರೇನ ಹೇಳ್ತೀನಿ. ನನಗ ಭಾಳ ಖುಷಿ ಆತು."

ಬೈದಿದ್ದರೆ ಬೈಸಿಕೊಂಡು ಬರುತ್ತಿದ್ದೆ. ಬುದ್ಧಿ ಹೇಳಿದ್ದರೆ ಹೂಂ ಅಂದು ಮರೆಯುತ್ತಿದ್ದೆ. ಅವನು ಎರಡೂ ಮಾಡಲಿಲ್ಲ. ಅವನ ತಲೆಯಲ್ಲಿ ನನ್ನ ಮೋಸಕ್ಕೆ ಜಾಗವೇ ಇರಲಿಲ್ಲ. ಆಡಿದ ಇಪ್ಪತ್ತು ನಿಮಿಷ ಮಾತ್ರ ಉಳಿದಿತ್ತು. ಮನುಷ್ಯ ಹೀಗೂ ಇರುತ್ತಾನೆ ಎಂದು ನನಗೆ ಗೊತ್ತಿರಲಿಲ್ಲ. ಗುಡ್ಡ ನೋಡುವವನಂತೆ ಅವನನ್ನು ನೋಡಿದೆ. ರೊಟ್ಟಿ ತಿನ್ನಿಸಿ, ಬಸ್ಸಿನ ತನಕ ಬಂದು ಹತ್ತಿಸಿ ಹೋದ.

ಊರಿಗೆ ಬಂದವನು ಮನೆಗೆ ಹೋಗದೆ ತಾಲೀಮಿಗೆ ಹೋದೆ. ವಸ್ತಾದರು ಒಬ್ಬರೇ ಕುಳಿತು ಹುಡುಗರ ಲಂಗೋಟಿ ಒಣಹಾಕುವ ಹಗ್ಗ ಬಿಗಿಯುತ್ತಿದ್ದರು.

"ವಸ್ತಾದ್ರ, ಅವತ್ತ ನಾ ಎಣ್ಣಿ ಹಚ್ಚಿದ್ನಿರಿ."

ಅವರ ಕೈ ನಿಂತಿತು. "ತೆಲಸಂಗದಾಂವಗ ಗೊತ್ತಾತೇನ?"

"ಹೂಂರಿ. ಅದಕ್ಕ ಅಂವಾ ಮಣ್ಣ ಹಚ್ಚಿದ್ದರಿ."

ಹಗ್ಗದ ಗಂಟು ಬಿಚ್ಚಿ ಮತ್ತೆ ಹಾಕಿದರು. ಆಮೇಲೆ, "ಅದೊಂದ ಸಲನೋ?"

"ಅದೊಂದ ಸಲರಿ."

"ಮಗನ, ಇಲ್ಲೀ ತನಕ ಬಂದಿ, ಈಗ್ಯಾಕ ಸುಳ್ಳ ಹೇಳ್ತಿ?"

"ನಾಕ ಸಲರಿ. ಗೆದ್ದಿದ್ದ ಮೂರೂ ಹಂಗ."

ಹೊಡೆಯುತ್ತಾರೆ ಎಂದು ನಿಂತೆ. ಹೊಡೆಯಲಿಲ್ಲ. "ಹಂಗಾರ ನಿನಗ ಕುಸ್ತಿ ಬರ್ತೈತೋ ಇಲ್ಲೋ ನನಗ ಗೊತ್ತಿಲ್ಲ. ನಿನಗರೆ ಗೊತ್ತೈತೇನ?"

"ಇಲ್ರಿ."

"ಮತ್ತ ಏನಂತ ಹೇಳಿ ಕಳಸ್ಲಿ?"

ನನ್ನ ಎದುರಿಗೇ ಕೊಲ್ಲಾಪುರಕ್ಕೆ ಫೋನು ಹಚ್ಚಿದರು. ಹುಡುಗ ಇನ್ನೂ ತಯಾರಾಗಿಲ್ಲ, ಈ ವರ್ಷ ಬರುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿದರು. ಆ ಕಡೆಯವರು ಕಾರಣ ಕೇಳಿರಬೇಕು, ಇವರು ಹೇಳಲಿಲ್ಲ. ಫೋನು ಇಟ್ಟು ಹಗ್ಗದ ಇನ್ನೊಂದು ತುದಿ ನನ್ನ ಕೈಗೆ ಕೊಟ್ಟು ಎಳೆ ಅಂದರು.

ಕೊಲ್ಲಾಪುರಕ್ಕೆ ಮುಂದೆಯೂ ಹೋಗಲಿಲ್ಲ. ಎರಡು ವರ್ಷ ಬಿಟ್ಟು ನನಗಿಂತ ಚಿಕ್ಕವನು ಹೋದ, ಅವನು ನನಗಿಂತ ಚೆನ್ನಾಗಿ ಆಡುತ್ತಿದ್ದ. ತಪ್ಪು ಒಪ್ಪಿಕೊಂಡ ವರ್ಷ ನಾನು ಒಣ ಮೈಯಲ್ಲಿ ಆರು ಕುಸ್ತಿ ಆಡಿದೆ. ಐದು ಸೋತೆ. ಆರನೆಯದು ಕಾಗವಾಡ ಕಡೆ, ಜುಗೂಳದ ಹತ್ತಿರ. ಎದುರಿನವನ ಬೆನ್ನು ನೆಲಕ್ಕೆ ಹತ್ತಿತು. ಪಂಚರು ನನ್ನ ಕೈ ಎತ್ತಿ ಹಿಡಿದರು. ಎಣ್ಣೆ ಇಲ್ಲದೆ ಗೆದ್ದದ್ದು ನನಗೆ ಹೊಸದು. ಏನು ಮಾಡಬೇಕೋ ತಿಳಿಯದೆ, ಕೆಳಗೆ ಬಿದ್ದಿದ್ದವನನ್ನು ಎಬ್ಬಿಸಲು ಬಗ್ಗಿದೆ.