ಸೋಫಾಗೆಂದು ಬಿಟ್ಟ ಜಾಗ

ನಮ್ಮ ಮಾರ್ಟಳ್ಳಿಯಲ್ಲಿ ಅಕ್ಟೋಬರ್ ಬಂತೆಂದರೆ ಚರ್ಚಿನಿಂದ ಮರಿಯಾ ಮಾತೆಯ ಸ್ವರೂಪ, ಅಂದರೆ ಪ್ರತಿಮೆ, ದಿನಕ್ಕೊಂದು ಮನೆಗೆ ಬರುತ್ತದೆ. ಸಂಜೆ ಬೀದಿಯವರೆಲ್ಲ ಆ ಮನೆಯಲ್ಲಿ ಸೇರಿ, ಮಂಡಿಯೂರಿ ಮಣಿ ಎಣಿಸುತ್ತ ಜಪಸರ ಹೇಳಿ, ಟೀ ಕುಡಿದು ಹೋಗುತ್ತಾರೆ.

ಎರಡು ವರ್ಷದ ಹಿಂದೆ ಜಪಸರದ ಸಂಜೆ ಎದುರು ಮನೆಯ ಹೊಸ ಸೋಫಾದ ಮೇಲೆ ಫಾದರ್ ಕೂತಿದ್ದನ್ನು ನೋಡಿದೆ. ಅವತ್ತಿನಿಂದ ನಮ್ಮ ಪ್ಲಾಸ್ಟಿಕ್ ಕುರ್ಚಿಗಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಹೋದ ವರ್ಷ ಹಟ ಹಿಡಿದು ಕೊಳ್ಳೇಗಾಲದ ಅಂಗಡಿಯಲ್ಲಿ ಅಂಥದ್ದೇ ಒಂದು ಸೋಫಾಗೆ ಹೇಳಿ ಬಂದೆ. ಅದು ಬರುವ ತನಕ ಇರಲಿ ಎಂದು ನಮ್ಮ ಮನೆಯ ಸರದಿಯನ್ನು ತಿಂಗಳ ಕೊನೆಗೆ ಹಾಕಿಸಿಕೊಂಡೆ. ದೇವರ ತಾಯಿಯನ್ನೇ ಕಾಯಿಸಿದೆ ನೋಡಿ, ಒಂದು ಸೋಫಾಗೋಸ್ಕರ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ಒಂದಿಷ್ಟೂ ಆಗಲಿಲ್ಲ.

ನನ್ನ ಹೊಲಿಗೆ ಮಷೀನನ್ನು ಅಡುಗೆಮನೆಗೆ ತಳ್ಳಿ ಗೋಡೆ ಪಕ್ಕ ಜಾಗ ಮಾಡಿದೆ. "ಇನ್ಮ್ಯಾಲೆ ಸಾರು ಕಾಯಿಸ್ಕಂಡೇ ಬಟ್ಟೆ ಒಲಿ" ಎಂದು ನನ್ನ ಗಂಡ ರೇಗಿಸಿದರು.

ತಿಂಗಳ ನಡುವೆ ಒಂದು ದಿನ, ಆ ಸಂಜೆಯ ಸರದಿಯ ಮನೆಯವರು ಆಸ್ಪತ್ರೆಗೆಂದು ಓಡಬೇಕಾಯಿತು. ಮಧ್ಯಾಹ್ನ ಪಕ್ಕದ ಮನೆಯ ಅಜ್ಜಿ ಬಂದರು. ತಮಿಳಿನಲ್ಲಿ ಅಜ್ಜಿಯನ್ನು ಕರೆಯುವಂತೆ ಇಡೀ ಬೀದಿಗೆ ಅವರು ಪಾಟಿ.

"ಇವತ್ತು ಮಾತೇನ ನಿಮ್ಮನೆಗೇ ಕರ್ಕಂಡು ಬತ್ತೀವಿ ಕಣಮ್ಮ" ಎಂದರು.

ಬೇಡ ಎನ್ನಲಾಗದೆ ಒಪ್ಪಿಕೊಂಡೆ. ಅಂಗಡಿಗೆ ಫೋನ್ ಮಾಡಿದರೆ ಇನ್ನೂ ಒಂದು ವಾರ ಬೇಕು ಎಂದರು. ಅವರ ಮೇಲೆ ಕೂಗಾಡಿದೆ, ಸಾಲದ್ದಕ್ಕೆ ಗಂಡನ ಮೇಲೂ ಕೂಗಾಡಿದೆ. ಕೊನೆಗೆ ಮನೆಯಲ್ಲಿದ್ದ ಚಾಪೆಗಳನ್ನೆಲ್ಲ ತಂದು ಆ ಖಾಲಿ ಜಾಗಕ್ಕೆ ಹಾಸಿದೆ.

ಸಂಜೆ ಮನೆ ತುಂಬಿತು. ಫಾದರ್ ಕೂಡ ಚಾಪೆಯ ಮೇಲೆಯೇ ಮಂಡಿಯೂರಿದರು. ಪಾಟಿ ಗೋಡೆ ಹಿಡಿದುಕೊಂಡು ನಿಧಾನವಾಗಿ ನನ್ನ ಪಕ್ಕ ಮಂಡಿಯೂರಿದರು. ಜಪಸರ ಮುಗಿದು ಟೀ ಕೊಡುವಾಗ, "ಸೋಫಾ ಬರ್ಬೇಕಿತ್ತು ಪಾಟಿ, ತಡ ಆಗೋಯ್ತು" ಎಂದೆ.

"ಬರ್ದಿದ್ದದ್ದೇ ಒಳ್ಳೇದಾಯ್ತು ಬುಡು. ಓದ್ ವರ್ಸ ಎದುರುಮನೇಲಿ ಮಂಡಿ ಊರಾಕೆ ಜಾಗಿಲ್ದೆ ಬಾಗ್ಲಾಚೆ ನಿಂತ್ಕಂಡೇ ಮುಗಿಸ್ದೆ."

ಅವತ್ತು ನಾನೂ ಆ ಮನೆಯಲ್ಲೇ ಇದ್ದೆ. ಕೈಯಲ್ಲಿ ಜಪಸರ ಹಿಡಿದು ಸೋಫಾದ ಬಟ್ಟೆಯ ಹೊಲಿಗೆ ನೋಡುತ್ತಿದ್ದೆ. ಬಾಗಿಲಾಚೆ ನಿಂತಿದ್ದ ಪಾಟಿ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಮರುದಿನ ಅಂಗಡಿಗೆ ಫೋನ್ ಮಾಡಿ ಬೇಡವೆಂದೆ. ಹೊಲಿಗೆ ಮಷೀನು ಅಡುಗೆಮನೆಯಿಂದ ಬಂದು ಈ ಸಲ ಕಿಟಕಿಯ ಹತ್ತಿರ ಕೂತಿತು. ಗೋಡೆ ಪಕ್ಕದ ಜಾಗ ಹಾಗೇ ಇದೆ. ದಿನಾ ಬೆಳಗ್ಗೆ ಅಲ್ಲೇ ಚಾಪೆ ಹಾಸಿ ಪ್ರಾರ್ಥನೆ ಮಾಡುತ್ತೇನೆ. ಎದ್ದು ಸುತ್ತ ನೋಡಿದರೆ ಮನೆಯಲ್ಲಿ ಏನೋ ಕಡಿಮೆಯಿದೆ ಅನ್ನಿಸುವುದಿಲ್ಲ, ನಿಜವಾಗಿಯೂ ಸಂತೋಷವಾಗಿದ್ದೇನೆ.

ಈ ಅಕ್ಟೋಬರಿಗೆ ಮೊದಲ ದಿನವನ್ನೇ ನಮ್ಮ ಮನೆಗೆ ಬರೆಸಿದ್ದೇನೆ. ಗೋಡೆ ಬದಿಯ ಚಾಪೆ ಪಾಟಿಗೆ.